ಯಾರಿಗೆ, ಎಲ್ಲಿ, ಹೇಗೆ? – ಇಂಗ್ಲಿಷ್ ಹೇಳಿಕೊಡುವ ಮೊದಲು



ಪುಣೆಯಲ್ಲಿ ಹುಟ್ಟಿ ಬೆಳೆದ ನಿಮಗೆ ಇಂಗ್ಲಿಷ್ ಎಂದರೆ ನೀರು ಕುಡಿದಷ್ಟು ಸುಲಭ. ಶಾಲೆಯಲ್ಲಿ ಇಂಗ್ಲಿಷ್, ಗೆಳೆಯರೊಡನೆ ಮರಾಠಿ, ಹಿಂದಿ, ಇಂಗ್ಲಿಷುಗಳ ಕಲಸುಮೇಲೋಗರ, ಮನೆಯಲ್ಲಿ ಮಾತ್ರ ಕನ್ನಡ. ಹೀಗಾಗಿ ನಮ್ಮ ಮನೆಗಳಲ್ಲಿ ಒಂದು ಕೆಲಸ ಆಗಾಗ ನಿಮ್ಮ ತಲೆಗೇ ಬರುತ್ತದೆ. ಊರಿನಿಂದ ಕಾಕಾನ ಮಗನೋ ಸೋದರತ್ತೆಯ ಮಗಳೋ ನೌಕರಿ ಹುಡುಕಿಕೊಂಡು ಬಂದು ಇಳಿಯುತ್ತಾರೆ. ವಿಜಯಪುರದಲ್ಲೋ ಕಲಬುರಗಿಯಲ್ಲೋ ರಾತ್ರಿ ಬಸ್ಸು ಹತ್ತಿದರೆ ಬೆಳಗಿಗೆ ಪುಣೆ. ಬಂದ ವಾರದೊಳಗೆ ಅಪ್ಪ ನಿಮ್ಮನ್ನು ಕರೆದು, "ಇವನಿಗೆ ಸ್ವಲ್ಪ ಇಂಗ್ಲಿಷ್ ಹೇಳಿಕೊಡಪಾ, ನಿನಗೇನು ಕಷ್ಟ?" ಎನ್ನುತ್ತಾರೆ.

ಆಗ ನೀವೇನು ಮಾಡುತ್ತೀರಿ? ಪ್ರೆಸೆಂಟ್ ಟೆನ್ಸ್, ಪಾಸ್ಟ್ ಟೆನ್ಸ್ ಎಂದು ಪಟ್ಟಿ ಬರೆದು ಕೊಡುತ್ತೀರಿ. ಇಲ್ಲವೇ ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟು ಕೈ ತೊಳೆದುಕೊಳ್ಳುತ್ತೀರಿ. ಪಾಪ, ಆ ಪಟ್ಟಿಯನ್ನು ಅವನು ಹತ್ತನೆಯ ತರಗತಿಗೇ ಬಾಯಿಪಾಠ ಮಾಡಿ ಬಂದಿರುತ್ತಾನೆ. ಅವನು ಎಡವುವ ಜಾಗ ಬೇರೆ. ಅದನ್ನು ತೋರಿಸಿಕೊಡಬೇಕೆಂದೇ ಈ ಲೇಖನ.

ನಮ್ಮ ಪರಿಚಯದ ಮನೆಯೊಂದಕ್ಕೆ ವಿಜಯಪುರದ ಕಡೆಯಿಂದ ಬಂದ ಒಬ್ಬ ಹುಡುಗನ ಕಥೆ ಕೇಳಿ. ಬಿ.ಕಾಂ. ಪ್ರಥಮ ದರ್ಜೆ. ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ ಸಿಕ್ಕಿತು, ಆರು ತಿಂಗಳು ಪ್ರೊಬೇಷನ್. ಮೂರನೆಯ ತಿಂಗಳಿಗೆ ತಂಗಿಯ ಮದುವೆ ಗೊತ್ತಾಯಿತು. ಮೇಲಧಿಕಾರಿಗೆ ಇ-ಮೇಲ್ ಬರೆದ: "ಐ ವಾಂಟ್ ಫೋರ್ ಡೇಸ್ ಲೀವ್. ಮೈ ಸಿಸ್ಟರ್ಸ್ ಮ್ಯಾರೇಜ್ ಈಸ್ ದೇರ್. ಗಿವ್ ಪರ್ಮಿಷನ್." ರಜೆಯೇನೋ ಸಿಕ್ಕಿತು. ಆದರೆ ಆರು ತಿಂಗಳು ಮುಗಿದಾಗ ಬಂದ ವರದಿಯಲ್ಲಿ "ನಡವಳಿಕೆಯಲ್ಲಿ ವಿನಯ ಸಾಲದು" ಎಂಬ ಒಂದು ಸಾಲು ಇತ್ತು. ಪ್ರೊಬೇಷನ್ ಮತ್ತೆ ಮೂರು ತಿಂಗಳು ಮುಂದೆ ಹೋಯಿತು. ಹಿರಿಯರು ನಿಂತಿದ್ದರೆ ತಾನು ಕುರ್ಚಿಯಲ್ಲಿ ಕೂಡದ ಹುಡುಗ ಅವನು! ತನ್ನಲ್ಲಿ ಯಾವ ವಿನಯ ಕಡಿಮೆಯಾಯಿತು ಎಂಬುದೇ ಅವನಿಗೆ ತಿಳಿಯಲಿಲ್ಲ. ಅವನ ಪತ್ರದ ವ್ಯಾಕರಣದಲ್ಲಿ ಹೇಳಿಕೊಳ್ಳುವಂಥ ತಪ್ಪೇನೂ ಇಲ್ಲ. ಹಾಗಾದರೆ ತಪ್ಪು ಎಲ್ಲಿದೆ?

ಗೌರವ ಎಲ್ಲಿ ಕೂತಿದೆ?

ಅದೇ ಹುಡುಗ ತನ್ನ ಊರಿನ ಕಚೇರಿಯಲ್ಲಿ ಹೇಗೆ ಕೇಳುತ್ತಿದ್ದ? "ಸರ್, ತಂಗೀ ಮದುವಿ ಐತ್ರಿ, ನಾಕ ದಿನಾ ರಜಾ ಬೇಕಾಗಿತ್ರಿ." ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಿ. ಎರಡು ಕಡೆ "ರಿ" ಬಂದಿದೆ. "ಬೇಕು" ಎನ್ನದೆ "ಬೇಕಾಗಿತ್ತು" ಎಂದಿದ್ದಾನೆ. ಅವನ ವಿನಯವೆಲ್ಲ ಆ "ರಿ"ಯಲ್ಲಿ, ಆ "ಆಗಿತ್ತು"ವಿನಲ್ಲಿ ಇದೆ. ಇಂಗ್ಲಿಷಿಗೆ ತರುವಾಗ ಪದಗಳನ್ನು ಮಾತ್ರ ತಂದ. "ರಿ"ಗೆ ಇಂಗ್ಲಿಷಿನಲ್ಲಿ ಪದವಿಲ್ಲ, ಬಿಟ್ಟುಬಿಟ್ಟ. ಹೀಗೆ ಗೌರವವೆಲ್ಲ ದಾರಿಯಲ್ಲೇ ಉದುರಿಹೋಗಿ, ಮೇಲಧಿಕಾರಿಯ ಕೈಗೆ ತಲುಪಿದ್ದು "ನನಗೆ ಬೇಕು, ಕೊಡು" ಎಂಬ ಬರೀ ಅಪ್ಪಣೆ.

ನಮ್ಮ ಭಾಷೆಯಲ್ಲಿ ಗೌರವ ಕೂರುವುದು ಸರ್ವನಾಮದಲ್ಲಿ ಮತ್ತು ಕ್ರಿಯಾಪದದ ತುದಿಯಲ್ಲಿ. ನೀನು, ನೀವು, ತಾವು, ಬಾ, ಬನ್ನಿ, ಅವನು ಬಂದ, ಅವರು ಬಂದರು. ಮರಾಠಿಯಲ್ಲೂ ಹಾಗೆಯೇ: ತೂ, ತುಮ್ಹೀ, ಆಪಣ್. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ "ಯೂ". ನಾಯಿಗೂ ಯೂ, ನ್ಯಾಯಾಧೀಶರಿಗೂ ಯೂ! ಇದನ್ನು ನೋಡಿ ನಮ್ಮವರು ಇಂಗ್ಲಿಷಿನಲ್ಲಿ ಮಾನ-ಮರ್ಯಾದೆಯ ಗೊಡವೆಯೇ ಇಲ್ಲ ಎಂದುಕೊಳ್ಳುತ್ತಾರೆ.

ಹಿಂದೆ ಇಂಗ್ಲಿಷಿನಲ್ಲೂ ಎರಡು ಪದಗಳಿದ್ದವು. "ದೌ" ಎಂಬುದು ನಮ್ಮ "ನೀನು"ವಿನಂತೆ, "ಯೂ" ಎಂಬುದು "ನೀವು"ವಿನಂತೆ ಬಳಕೆಯಲ್ಲಿತ್ತು. 17ನೆಯ ಶತಮಾನದಲ್ಲಿ ಜಾರ್ಜ್ ಫಾಕ್ಸ್ ಮತ್ತು ಅವರ ಕ್ವೇಕರ್ ಪಂಥದವರು ದೇವರ ಮುಂದೆ ಎಲ್ಲರೂ ಸಮಾನರೆಂದು ಅಧಿಕಾರಿಗಳನ್ನೂ "ದೌ" ಎಂದೇ ಕರೆದು ಏಟು ತಿಂದರು, ಜೈಲನ್ನೂ ಕಂಡರು. ಅದೇ ಶತಮಾನದಲ್ಲಿ ಸಾಮಾನ್ಯರ ಮಾತಿನಿಂದ "ದೌ" ಬಹುಮಟ್ಟಿಗೆ ಮರೆಯಾಯಿತು, ಉಳಿದದ್ದು "ನೀವು". ಎಂದರೆ ಇಂದಿನ ಇಂಗ್ಲಿಷಿನವರು ಎಲ್ಲರಿಗೂ ಬಹುವಚನವನ್ನೇ ಹಚ್ಚುತ್ತಾರೆ ಎನ್ನಬೇಕು!

ಎಲ್ಲರಿಗೂ ಒಂದೇ ಪದವಾದ ಮೇಲೆ ಹಿರಿಯ-ಕಿರಿಯ, ಪರಿಚಿತ-ಅಪರಿಚಿತ ಎಂಬ ಭೇದ ತೋರಿಸಲು ಇಂಗ್ಲಿಷ್ ಬೇರೆ ದಾರಿಗಳನ್ನು ನಂಬಿತು. ಅಪ್ಪಣೆಯನ್ನು ಪ್ರಶ್ನೆಯಾಗಿ ಕೇಳುವುದು, "ಕ್ಯಾನ್" ಬದಲು "ಕುಡ್", "ವಿಲ್" ಬದಲು "ವುಡ್" ಎನ್ನುವುದು, ಬೇಡಿಕೆಯ ಮುಂಚೆ ಕಾರಣ ಹೇಳುವುದು, ಎದುರಿನವರಿಗೆ "ಇಲ್ಲ" ಎನ್ನಲು ಜಾಗ ಬಿಡುವುದು. ನಮ್ಮಲ್ಲಿ ಒಂದು "ರಿ" ಮಾಡುವ ಕೆಲಸವನ್ನು ಅಲ್ಲಿ ಇಡೀ ವಾಕ್ಯ ಮಾಡುತ್ತದೆ. ಇದನ್ನು ಯಾರೂ ಹೇಳಿಕೊಡದಿದ್ದಾಗ ಕಲಿಯುವವರು ತಾವೇ ಒಂದು ಉಪಾಯ ಕಂಡುಕೊಳ್ಳುತ್ತಾರೆ. "ಯೆಸ್ ಸರ್, ಐ ವಿಲ್ ಕಮ್ ಸರ್, ಟುಮಾರೋ ಸರ್" ಎಂದು ಮಾತು ಮಾತಿಗೆ ಸರ್ ಹಚ್ಚುವವರನ್ನು ಕಂಡು ನೀವು ನಕ್ಕಿರಬಹುದು. ಇನ್ನು ನಗಬೇಡಿ. ಅದು ಧಾರವಾಡ ಕಡೆಯ "ರಿ", ಕೂರಲು ಜಾಗ ಹುಡುಕುತ್ತ ಇಂಗ್ಲಿಷಿನಲ್ಲಿ ಅಲೆದಾಡುತ್ತಿದೆ, ಅಷ್ಟೇ.

ಮರಾಠಿಗೆ ನಡೆದದ್ದು ಇಂಗ್ಲಿಷಿಗೆ ಯಾಕೆ ನಡೆಯದು?

ಹಾಗಾದರೆ ಮರಾಠಿ ಕಲಿಯುವಾಗ ನಮ್ಮವರಿಗೆ ಈ ತೊಂದರೆ ಯಾಕಾಗಲಿಲ್ಲ ಎಂದು ನೀವು ಕೇಳಬಹುದು. ಎರಡು ವರ್ಷ ಪುಣೆಯಲ್ಲಿದ್ದರೆ ಸಾಕು, ನಮ್ಮವರು ಮಂಡಈಯಲ್ಲಿ ಚೌಕಾಸಿ ಮಾಡುವಷ್ಟು ಮರಾಠಿ ಕಲಿತುಬಿಡುತ್ತಾರೆ. ಇದಕ್ಕೆ ಉತ್ತರ ನಮ್ಮ ಪಕ್ಕದ ಸಾಂಗ್ಲಿ ಜಿಲ್ಲೆಯಲ್ಲೇ ಇದೆ.

ಸಾಂಗ್ಲಿ-ಮಿರಜಗಳ ಬಳಿ ಕುಪವಾಡ ಎಂಬ ಊರಿದೆ. ಈಗ ಅದು ಮಹಾನಗರಪಾಲಿಕೆಯೊಳಗೆ ಸೇರಿದೆ; ಹಿಂದೆ ಹಳ್ಳಿಯಾಗಿತ್ತು. ಅಲ್ಲಿ ಜೈನ ಒಕ್ಕಲುಗಳ ಮನೆಮಾತು ಕನ್ನಡ, ಮುಸಲ್ಮಾನರದು ಉರ್ದು, ಇನ್ನು ಕೆಲವರದು ಮರಾಠಿ. ತಲೆತಲಾಂತರಗಳಿಂದ ಮೂವರೂ ಕೂಡಿ ಬಾಳಿದವರು. ಜಾನ್ ಗಂಪರ್ಜ್ ಎಂಬ ಭಾಷಾವಿಜ್ಞಾನಿ ರಾಬರ್ಟ್ ವಿಲ್ಸನ್ ಎಂಬವರೊಡನೆ ಈ ಊರಿನ ಮಾತನ್ನು ಪರಿಶೀಲಿಸಿ 1971ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅವರು ಕಂಡ ಸಂಗತಿ ಸ್ವಾರಸ್ಯವಾಗಿದೆ: ಪದಗಳು ಬೇರೆಯಾದರೂ ಮೂರೂ ಭಾಷೆಗಳ ವಾಕ್ಯದ ಅಸ್ಥಿಪಂಜರ ಅಲ್ಲಿ ಹೆಚ್ಚುಕಡಿಮೆ ಒಂದೇ ಆಗಿಬಿಟ್ಟಿತ್ತು. ಒಂದು ಭಾಷೆಯ ಪದ ತೆಗೆದು ಅದೇ ಜಾಗದಲ್ಲಿ ಇನ್ನೊಂದರ ಪದ ಇಟ್ಟರೆ ಮಾತು ನಡೆದುಹೋಗುತ್ತಿತ್ತು.

ಕುಪವಾಡದಷ್ಟು ಅಲ್ಲದಿದ್ದರೂ ಪುಣೆಯ ನಮ್ಮ ಮನೆಗಳಲ್ಲೂ ನಡೆಯುವುದು ಇದೇ ಅಲ್ಲವೇ? "ಬನ್ನಿ, ಕೂತುಕೊಳ್ಳಿ" ಎನ್ನುವುದು "ಯಾ, ಬಸಾ" ಆಗುತ್ತದೆ. "ಹೋಗಿ ಬರ್ತೀನಿ" ಎನ್ನುವುದು "ಜಾಊನ್ ಯೇತೋ" ಆಗುತ್ತದೆ. ಫೋನಿನಲ್ಲಿ "ಹೇಳಿ" ಎನ್ನುವುದು "ಸಾಂಗಾ" ಆಗುತ್ತದೆ. ಪದ ಬದಲಾದರೂ ಗೌರವ ಅಲ್ಲಾಡದೆ ಆ ದಡ ಸೇರುತ್ತದೆ. ಈ ಅಭ್ಯಾಸಬಲದಿಂದಲೇ ನಮ್ಮವರು ಇಂಗ್ಲಿಷಿನಲ್ಲೂ ಅದನ್ನೇ ಮಾಡುತ್ತಾರೆ. "ಕಮ್, ಸಿಟ್" ಎನ್ನುತ್ತಾರೆ. ಸಾಕಿದ ನಾಯಿಗೆ ಹೇಳಿದಂತೆ ಕೇಳುತ್ತದೆ! ಫೋನ್ ಎತ್ತಿ "ಟೆಲ್" ಎನ್ನುತ್ತಾರೆ. ಆ ಕಡೆಯವರು ಪೊಲೀಸ್ ಠಾಣೆಗೆ ಫೋನ್ ಹೋಯಿತೇನೋ ಎಂದು ಬೆಚ್ಚಬೇಕು. ಮರಾಠಿಯಲ್ಲಿ ಸಲೀಸಾಗಿ ದಾಟಿಸಿದ ಸೇತುವೆಯೇ ಇಂಗ್ಲಿಷಿಗೆ ಬಂದಾಗ ಕೈಕೊಡುತ್ತದೆ.

ಕುಪವಾಡದಲ್ಲಿ ಕೆಲಸ ಮಾಡಿದ ಈ ಗಂಪರ್ಜ್ ಅವರೇ ಮುಂದೆ ಇಂಗ್ಲೆಂಡಿನ ಒಂದು ದೊಡ್ಡ ವಿಮಾನ ನಿಲ್ದಾಣದಲ್ಲಿ ನಡೆದ ಘಟನೆಯನ್ನು ದಾಖಲಿಸಿದ್ದಾರೆ. ಅದು ಅವರ 1982ರ ಪುಸ್ತಕದಲ್ಲಿದೆ. ನಿಲ್ದಾಣದ ನೌಕರರ ಕ್ಯಾಂಟೀನಿನಲ್ಲಿ ಬಡಿಸಲು ಭಾರತ, ಪಾಕಿಸ್ತಾನಗಳ ಹೆಣ್ಣುಮಕ್ಕಳು ಹೊಸದಾಗಿ ಸೇರಿದ್ದರು. ಇವರು ಒರಟರು, ಮುಖ ಗಂಟಿಕ್ಕಿಕೊಂಡೇ ಇರುತ್ತಾರೆ ಎಂದು ಊಟಕ್ಕೆ ಬರುವ ನೌಕರರ ದೂರು. ನಮ್ಮನ್ನು ಬಣ್ಣ ನೋಡಿ ಕೀಳಾಗಿ ಕಾಣುತ್ತಾರೆ ಎಂದು ಹೆಣ್ಣುಮಕ್ಕಳ ದೂರು. ಅವರ ನಡುವೆ ವಿನಿಮಯವಾಗುತ್ತಿದ್ದ ಮಾತಾದರೂ ಎಷ್ಟು? ಮಾಂಸ ಬಡಿಸಿದ ಮೇಲೆ ಮೇಲೆ ಸುರಿಯುವ ಸಾರಿನ ಹೆಸರು: "ಗ್ರೇವಿ." ಆ ಒಂದೇ ಪದ! ಇಂಗ್ಲಿಷ್ ಹೆಂಗಸರು ಅದನ್ನು ದನಿ ಏರಿಸಿ "ಗ್ರೇವಿ?" ಎನ್ನುತ್ತಿದ್ದರು, "ಹಾಕಲೇ?" ಎಂದು ಕೇಳಿದ ಹಾಗೆ. ನಮ್ಮವರು ದನಿ ಇಳಿಸಿ "ಗ್ರೇವಿ" ಎನ್ನುತ್ತಿದ್ದರು. ಅವರ ನುಡಿಯ ರೂಢಿಯಲ್ಲಿ ಉಪಚಾರದ ಮಾತಿಗೆ ಅದೇ ಸಹಜ ದನಿ. ಕೇಳಿದವರಿಗೆ ಮಾತ್ರ "ಇದು ಗ್ರೇವಿ, ಬೇಕಾದರೆ ತಗೋ" ಎಂದಂತಾಗುತ್ತಿತ್ತು. ಎರಡೂ ಬಗೆಯ ಮಾತನ್ನು ಧ್ವನಿಮುದ್ರಿಸಿ ಅವರಿಗೇ ಕೇಳಿಸಿದರು. ವ್ಯತ್ಯಾಸ ತಿಳಿದ ಮೇಲೆ ಆ ಹೆಣ್ಣುಮಕ್ಕಳಿಗೆ ಇಷ್ಟು ದಿನದ ಕಿರಿಕಿರಿಯ ಗುಟ್ಟು ಹೊಳೆಯಿತು, ಸಂಬಂಧಗಳೂ ಸುಧಾರಿಸಿದವು.

ಗಮನಿಸಿ: ಒಂದು ಪದದ ಏರಿಳಿತ ಎರಡು ಗುಂಪುಗಳ ನಡುವೆ ಅಷ್ಟು ಕಹಿ ಬೆಳೆಸಿತ್ತು. ಭಾಷೆ ತಪ್ಪಾದರೆ "ಪಾಪ, ಇಂಗ್ಲಿಷ್ ಬರುವುದಿಲ್ಲ" ಎನ್ನುತ್ತಾರೆ. ಭಾಷೆ ಸರಿಯಿದ್ದು ರೀತಿ ತಪ್ಪಾದರೆ "ಮನುಷ್ಯನೇ ಸರಿಯಿಲ್ಲ" ಎನ್ನುತ್ತಾರೆ. ವಿಜಯಪುರದ ಹುಡುಗನಿಗೆ ಆದದ್ದೂ ಅದೇ. ಅವನ ಇಂಗ್ಲಿಷ್ ಇನ್ನಷ್ಟು ಕೆಟ್ಟದಾಗಿದ್ದರೆ ಬಹುಶಃ ಕ್ಷಮೆ ಸಿಗುತ್ತಿತ್ತೇನೋ!

ವ್ಯಾಕರಣದ ಜೊತೆಗೆ ಬಳಕೆಗೂ ನಿಯಮಗಳಿವೆ, ಯಾರೊಡನೆ ಯಾವಾಗ ಎಲ್ಲಿ ಹೇಗೆ ಮಾತಾಡಬೇಕು ಎಂಬ ತಿಳಿವಳಿಕೆಯೂ ಭಾಷಾಜ್ಞಾನದ ಭಾಗವೇ ಎಂದು ಅಮೆರಿಕದ ಡೆಲ್ ಹೈಮ್ಸ್ 1960ರ ದಶಕದಲ್ಲಿ ವಾದಿಸಿದರು. ಅಲ್ಲಿಂದೀಚೆಗೆ ಪ್ರಪಂಚದಲ್ಲೆಲ್ಲ ಇಂಗ್ಲಿಷ್ ಕಲಿಸುವ ವಿಧಾನ ಬಹಳ ಬದಲಾಗಿದೆ. ನಮ್ಮ ಹಿರಿಯರು ಇದನ್ನು ಎಂದೋ ಅರಿತಿದ್ದರು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯಲ್ಲಿ ವ್ಯಾಕರಣ ಬಲ್ಲವನಿಗೆ ಎಂದಿಲ್ಲ, ನೋಡಿ! ಎದುರಿನವರನ್ನು ಕರೆಯುವ ಬಗೆಯನ್ನು ಕುರಿತೇ ಬಸವಣ್ಣನವರ ಒಂದು ವಚನವಿದೆ. ಯಾವುದೆಂದು ನಿಮ್ಮ ಅಜ್ಜ-ಅಜ್ಜಿಯನ್ನು ಕೇಳಿ, ಸಂತೋಷದಿಂದ ಹೇಳುತ್ತಾರೆ.

ಕಲಿಸುವುದು ಹೇಗೆ?

ನಾನು ಶಿಕ್ಷಕಿಯಲ್ಲ. ಧಾರವಾಡದಲ್ಲಿ ಇಂಗ್ಲಿಷಿನಲ್ಲಿ ಬಿ.ಎ. ಮುಗಿಸಿ, ಮದುವೆಯಾಗಿ ಪುಣೆಗೆ ಬಂದ ಗೃಹಿಣಿ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ನೆರೆಹೊರೆಯ ನಾಲ್ಕೈದು ಕನ್ನಡದ ಹೆಣ್ಣುಮಕ್ಕಳು ಇಂಗ್ಲಿಷ್ ಕಲಿಯಲು ನಮ್ಮ ಮನೆಗೆ ಬರುತ್ತಾರೆ. ಅವರಿಂದಲೇ ನಾನು ಕಲಿತ ಕೆಲವು ಉಪಾಯಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, "ಇದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ?" ಎಂದು ಯಾರಾದರೂ ಕೇಳಿದರೆ ಕೂಡಲೇ ಉತ್ತರ ಕೊಡಬೇಡಿ. "ಯಾರಿಗೆ ಹೇಳಬೇಕು?" ಎಂದು ತಿರುಗಿ ಕೇಳಿ. ಒಂದೇ ಕೆಲಸ ತೆಗೆದುಕೊಳ್ಳಿ: ಕಿಟಕಿ ಮುಚ್ಚಿಸಬೇಕು. ತಮ್ಮನಿಗೆ ಹೇಗೆ ಹೇಳುತ್ತೀರಿ? ಗೆಳತಿಗೆ? ಕಚೇರಿಯ ಸಾಹೇಬರಿಗೆ? ರೈಲಿನಲ್ಲಿ ಎದುರು ಕೂತ ಅಪರಿಚಿತ ಅಜ್ಜಿಗೆ? ಮೊದಲು ನಾಲ್ಕೂ ಬಗೆಯನ್ನು ಕನ್ನಡದಲ್ಲಿ ಹೇಳಿಸಿ. ಯಾರೂ ತಪ್ಪುವುದಿಲ್ಲ. ತಮ್ಮನಿಗೆ "ಏ, ಕಿಟಕಿ ಹಾಕೋ" ಎಂದವರೇ ಅಜ್ಜಿಗೆ "ಅಜ್ಜಿ, ಗಾಳಿ ಬಹಳ ಬರ್ತದ, ಸ್ವಲ್ಪ ಕಿಟಕಿ ಹಾಕ್ಲೇನ್ರಿ?" ಎನ್ನುತ್ತಾರೆ. ಅಜ್ಜಿಗೆ ಕೆಲಸ ಹಚ್ಚದೆ ತಾವೇ ಮುಚ್ಚಲು ಅಪ್ಪಣೆ ಕೇಳುವ ಸೂಕ್ಷ್ಮ ಅವರಿಗೆ ಹುಟ್ಟಿನಿಂದಲೇ ಗೊತ್ತು. ಆಮೇಲೆ ಅದೇ ನಾಲ್ವರಿಗೆ ಇಂಗ್ಲಿಷಿನಲ್ಲಿ ಹೇಳಿಸಿ. "ಶಟ್ ದ ವಿಂಡೋ" ತಮ್ಮನಿಗೆ ಸರಿ, ಅಜ್ಜಿಗೆ "ವುಡ್ ಯೂ ಮೈಂಡ್ ಇಫ್ ಐ ಶಟ್ ದ ವಿಂಡೋ?" ಬೇಕು.

ಹೀಗೆ ಕೆಲಸ ಕೊಟ್ಟು ಭಾಷೆ ಕಲಿಸುವುದಕ್ಕೆ ನಮ್ಮ ನಾಡಿನಲ್ಲೇ ಒಂದು ಪರಂಪರೆ ಇದೆ. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯನ್ನು ಆಧಾರವಾಗಿಟ್ಟುಕೊಂಡು ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ವ್ಯಾಕರಣದ ಪಾಠದ ಬದಲು ರೈಲಿನ ವೇಳಾಪಟ್ಟಿ, ನಕ್ಷೆ ಇಂಥವನ್ನು ಮುಂದಿಟ್ಟು ಮಕ್ಕಳಿಂದ ಸಮಸ್ಯೆ ಬಿಡಿಸುತ್ತಿದ್ದರು. "ಬೆಂಗಳೂರು ಪ್ರಾಜೆಕ್ಟ್" ಎಂದೇ ಅದು ಹೊರದೇಶಗಳಲ್ಲೂ ಹೆಸರಾಯಿತು. ಅವರ ಗುರಿ ಬೇರೆಯಿತ್ತು ನಿಜ. ಆದರೆ ಒಂದು ಕೆಲಸವನ್ನು ಮಾಡಹೋಗಿ ಮಾತು ಕಲಿಯುವ ದಾರಿ ನಮಗೂ ಉಪಯೋಗಕ್ಕೆ ಬರುತ್ತದೆ.

ಎರಡನೆಯದು, ಕನ್ನಡದಲ್ಲಿ ಈಗಾಗಲೇ ಇರುವ ಮೆಟ್ಟಿಲುಗಳನ್ನು ತೋರಿಸಿ. "ಬೇಕು" ಎನ್ನುವುದಕ್ಕಿಂತ "ಬೇಕಾಗಿತ್ತು" ಮೃದು. ಬೇಕಾಗಿರುವುದು ಈಗ, ಆದರೂ ಹೇಳುವುದು ಭೂತಕಾಲದಲ್ಲಿ! ಇಂಗ್ಲಿಷಿನವರೂ ಇದನ್ನೇ ಮಾಡುತ್ತಾರೆ: "ಐ ವಾಂಟೆಡ್ ಟು ಆಸ್ಕ್", "ಐ ವಾಸ್ ಹೋಪಿಂಗ್". "ಕೊಡಿ"ಗಿಂತ "ಕೊಡ್ತೀರಾ?" ಮೃದು, ಅದಕ್ಕಿಂತ "ಕೊಡೋಕಾಗುತ್ತಾ?" ಮೃದು. ಇಂಗ್ಲಿಷಿನಲ್ಲಿ "ವಿಲ್ ಯೂ", "ಕುಡ್ ಯೂ" ಕೂಡ ಇದೇ ಮೆಟ್ಟಿಲು. ಇನ್ನು ನಮ್ಮ "ಸ್ವಲ್ಪ". "ದಯವಿಟ್ಟು" ಎನ್ನುವುದು ನಮ್ಮಲ್ಲಿ ಹೆಚ್ಚಾಗಿ ಫಲಕಗಳ ಮೇಲೆ, ಭಾಷಣಗಳಲ್ಲಿ ಕಾಣುವ ಪದ. ದಿನನಿತ್ಯದ ನಮ್ಮ "ಪ್ಲೀಸ್" ಎಂದರೆ "ಸ್ವಲ್ಪ". "ಸ್ವಲ್ಪ ಪೆನ್ ಕೊಡಿ" ಎಂದರೆ ಅರ್ಧ ಪೆನ್ ಯಾರೂ ಕೊಡುವುದಿಲ್ಲವಲ್ಲ! ಕನ್ನಡದಲ್ಲಿ ಎಲ್ಲೆಲ್ಲಿ "ಸ್ವಲ್ಪ" ಬಾಯಿಗೆ ಬರುತ್ತದೋ ಅಲ್ಲೆಲ್ಲ ಇಂಗ್ಲಿಷಿನಲ್ಲಿ "ಪ್ಲೀಸ್" ಇಟ್ಟು ನೋಡು ಎಂದು ಹೇಳಿಕೊಡಿ. ಬಹಳ ಸಲ ಕೆಲಸ ಮಾಡುತ್ತದೆ.

ನಮ್ಮ ಮನೆಗೆ ಬರುವ ಒಬ್ಬಾಕೆಗೆ ಇದರಿಂದ ದೊಡ್ಡ ಉಪಕಾರವಾಯಿತು. ಅವರ ಅತ್ತೆ ಆಸ್ಪತ್ರೆಯಲ್ಲಿದ್ದರು. ವಾರ್ಡಿನ ನರ್ಸ್ ಹೊಸದಾಗಿ ಕೇರಳದಿಂದ ಬಂದವರು. ಮರಾಠಿ ಇನ್ನೂ ಬಾರದು, ಇವರಿಗೆ ಹಿಂದಿ ಅಷ್ಟಕ್ಕಷ್ಟೇ. ಇಬ್ಬರಿಗೂ ಉಳಿದದ್ದು ಇಂಗ್ಲಿಷ್. ಅತ್ತೆಗೆ ಉಸಿರು ಕಟ್ಟಿದಂತಾದಾಗ ಇವರು ಓಡಿಹೋಗಿ, "ಯೂ ಕಮ್. ಸೀ ಹರ್" ಎಂದರು. ಮನಸ್ಸಿನಲ್ಲಿದ್ದದ್ದು "ನೀವು ಸ್ವಲ್ಪ ಬಂದು ನೋಡ್ತೀರಾ?" ಎಂಬ ಕಳವಳದ ಮಾತು. ನರ್ಸ್ ಬಂದರು, ಆದರೆ ಮುಖ ಬಿಗಿಯಿತು. ಮುಂದೆ ಎರಡು ದಿನ ಏನು ಕೇಳಿದರೂ ಮೊಟಕು ಉತ್ತರ. ಮೂರನೆಯ ದಿನ ನಾವು ಅಭ್ಯಾಸ ಮಾಡಿದ್ದು ಒಂದೇ ವಾಕ್ಯ: "ಸಿಸ್ಟರ್, ಕುಡ್ ಯೂ ಪ್ಲೀಸ್ ಹ್ಯಾವ್ ಎ ಲುಕ್ ಅಟ್ ಹರ್?" ನರ್ಸ್ ಬಂದು ನೋಡಿದರು, ಅತ್ತೆಯ ಹಾಸಿಗೆಯ ಪಕ್ಕ ನಿಂತು ಔಷಧಿಯ ವಿವರವನ್ನೂ ಹೇಳಿದರು. ರೋಗಿಯ ಮನೆಯವರಿಗೆ ಈ ಒಂದು ವಾಕ್ಯ ಎಷ್ಟು ದೊಡ್ಡದು ಎಂದು ಆಸ್ಪತ್ರೆಯಲ್ಲಿ ರಾತ್ರಿ ಕಳೆದವರಿಗೆ ಗೊತ್ತು.

ಮೂರನೆಯದು, "ಇಲ್ಲ" ಎನ್ನುವುದನ್ನು ಕಲಿಸಿ. ನಮ್ಮಲ್ಲಿ ನೇರವಾಗಿ "ಆಗೋದಿಲ್ಲ" ಎನ್ನುವುದು ಒರಟುತನ. "ನೋಡೋಣ್ರಿ" ಎನ್ನುತ್ತೇವೆ; ಕೇಳಿದವರು ಅರ್ಥ ಮಾಡಿಕೊಳ್ಳುತ್ತಾರೆ. ಕಚೇರಿಯಲ್ಲಿ "ಐ ವಿಲ್ ಟ್ರೈ" ಎಂದರೆ ಆ ಕಡೆಯವರು ಕೆಲಸ ಆಗುತ್ತದೆ ಎಂದೇ ನಂಬಿ ಕೂರುತ್ತಾರೆ. ಕೊನೆಗೆ ಮಾತು ತಪ್ಪಿದವನೆಂಬ ಹೆಸರು ಬರುತ್ತದೆ. "ಐ ಆ್ಯಮ್ ಅಫ್ರೇಡ್ ಐ ಕಾಂಟ್ ಫಿನಿಶ್ ಇಟ್ ಟುಡೇ, ಬಟ್ ಐ ಕ್ಯಾನ್ ಗಿವ್ ಇಟ್ ಟು ಯೂ ಟುಮಾರೋ" ಎಂದು ಬಾಯಿ ಬಿಟ್ಟು ಹೇಳಲು ರೂಢಿ ಮಾಡಿಸಿ. ಅದೇ ರೀತಿ ಕೇಳಿಸಿಕೊಳ್ಳುವುದನ್ನೂ ಕಲಿಸಬೇಕು. ಸಾಹೇಬರು "ಯೂ ಮೈಟ್ ವಾಂಟ್ ಟು ಲುಕ್ ಅಟ್ ದಿಸ್ ಅಗೇನ್" ಎಂದರೆ, ಇಷ್ಟವಿದ್ದರೆ ನೋಡು ಎಂದಲ್ಲ; ತಪ್ಪಿದೆ, ಈಗಲೇ ತಿದ್ದು ಎಂದು ಅರ್ಥ. ನಮ್ಮ ಹುಡುಗರು ಮೇಲ್ಮಾತನ್ನು ನಂಬಿ ಸುಮ್ಮನಿದ್ದುಬಿಡುತ್ತಾರೆ.

ನಾಲ್ಕನೆಯದು, ದನಿ. ಬರೆದು ಕಲಿಸಿದರೆ "ಗ್ರೇವಿ"ಯ ಕಥೆ ಮತ್ತೆ ನಡೆಯುತ್ತದೆ. ಮೊಬೈಲಿನಲ್ಲಿ ಅವರ ಮಾತು ಮುದ್ರಿಸಿ ಅವರಿಗೇ ಕೇಳಿಸಿ. ಗಂಪರ್ಜ್ ಕಾಲದಲ್ಲಿ ಅದಕ್ಕೆ ಯಂತ್ರ ಹೊತ್ತು ಓಡಾಡಬೇಕಿತ್ತು, ಈಗ ನಿಮ್ಮ ಕಿಸೆಯಲ್ಲೇ ಇದೆ.

ಐದನೆಯದು ನಿಮ್ಮ ನಾಲಗೆಯ ಬಗ್ಗೆ. ಮನೆಗೆ ಬಂದ ಹುಡುಗ ನೀವು ಹೇಳಿಕೊಟ್ಟದ್ದಕ್ಕಿಂತ ನೀವು ಆಡುವುದನ್ನೇ ಹೆಚ್ಚು ಕಲಿಯುತ್ತಾನೆ. ಗೆಳೆಯರೊಡನೆ ನೀವಾಡುವ "ಬ್ರೋ", "ಯಾ", "ವಾಟೆವರ್" ಅವನ ಕಿವಿಗೆ ಅಪ್ಪಟ ಇಂಗ್ಲಿಷ್. ಅದನ್ನೇ ಹೋಗಿ ಸಂದರ್ಶನದಲ್ಲಿ ಆಡಿದರೆ? "ಇದು ನಮ್ಮ ಕಟ್ಟೆಯ ಮಾತು, ಕಚೇರಿಗೆ ಬೇರೆ" ಎಂದು ನೀವೇ ಹೇಳಬೇಕು. ಹಾಗೆಯೇ ಅವನು "ವಾಟ್ ಈಸ್ ಯುವರ್ ಗುಡ್ ನೇಮ್" ಎಂದರೆ, "ಕೈಂಡ್ಲಿ ಡೂ ದ ನೀಡ್‌ಫುಲ್" ಎಂದು ಬರೆದರೆ ನಗಬೇಡಿ. ಮೊದಲನೆಯದು ನಮ್ಮ "ಶುಭನಾಮ"ದ ಮರ್ಯಾದೆ. ಎರಡನೆಯದು ಬ್ರಿಟಿಷರೇ ಬಳಸಿ ಬಿಟ್ಟುಹೋದ ಕಚೇರಿ ಭಾಷೆ. ಸರಕಾರಿ ಅರ್ಜಿಯಲ್ಲಿ ಅದಕ್ಕೆ ಇಂದಿಗೂ ಬೆಲೆಯಿದೆ. ಹಿಂಜವಡಿಯ ಕಂಪನಿಯಲ್ಲಿ ಕುಳಿತು ಹೊರದೇಶದ ಗ್ರಾಹಕನಿಗೆ ಬರೆಯುವಾಗ ಬೇಡ. "ತಪ್ಪು" ಎಂದು ಗೀಟು ಎಳೆಯುವ ಬದಲು "ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು" ಎಂದು ಹೇಳಿ. ಇಳಕಲ್ ಸೀರೆಯನ್ನು ಮದುವೆಗೆ ಉಡುತ್ತೇವೆ, ಮನೆ ಸಾರಿಸುವಾಗ ಉಡುವುದಿಲ್ಲ. ಹಾಗೆಂದು ಸೀರೆ ಕೆಟ್ಟದ್ದೇ?

ಈಗ ನಿಮ್ಮ ಕನ್ನಡದ ಮಾತು

ಇಷ್ಟೆಲ್ಲ ಹೇಳಿದ ಮೇಲೆ ನಿಮಗೂ ಒಂದು ಕನ್ನಡಿ ಹಿಡಿಯದೆ ಬಿಡಲಾರೆ. ಬೇಸರಿಸಬೇಡಿ.

ನಿಮ್ಮ ಕನ್ನಡ ಹೆಚ್ಚಾಗಿ ಅಡುಗೆಮನೆಯಲ್ಲಿ ಕಲಿತ ಕನ್ನಡ. ಅಮ್ಮನೊಡನೆ, ಅಜ್ಜಿಯೊಡನೆ "ನೀ ಬಾ, ನೀ ಕೊಡು" ಎಂದು ಬೆಳೆದದ್ದು. ಮರಾಠಿಯಲ್ಲೂ ಆಯಿಗೆ "ತೂ" ಎನ್ನುವುದು ರೂಢಿ, ಆದ್ದರಿಂದ ಅದು ಇನ್ನಷ್ಟು ಗಟ್ಟಿಯಾಗಿದೆ. ಪ್ರೀತಿಯ ಮಾತದು, ಅದರಲ್ಲಿ ತಪ್ಪಿಲ್ಲ. ಆದರೆ ಅದೊಂದೇ ಕನ್ನಡ ಇಟ್ಟುಕೊಂಡು ಧಾರವಾಡಕ್ಕೋ ಮೈಸೂರಿಗೋ ಹೋಗಿ, ಅಜ್ಜನ ಸ್ನೇಹಿತರಾದ ಎಂಬತ್ತರ ಹಿರಿಯರಿಗೆ "ನೀ ಯಾವಾಗ ಬಂದಿ?" ಎಂದು ಕೇಳುತ್ತೀರಿ. ಮನೆಯವರೆಲ್ಲ ಗೊಳ್ಳೆಂದು ನಗುತ್ತಾರೆ. "ಇರಲಿ ಬಿಡ್ರಿ, ಪುಣೆಯ ಕೂಸು" ಎಂದು ಆ ಹಿರಿಯರೇ ನಿಮ್ಮ ತಲೆ ಸವರುತ್ತಾರೆ. ಇನ್ನು ಸಾವಿನ ಮನೆಗೆ ಹೋದಾಗ ಏನು ಹೇಳಬೇಕೆಂದು ತೋಚದೆ ಮೂಲೆಯಲ್ಲಿ ನಿಂತು, ಹೊರಡುವಾಗ ಅಭ್ಯಾಸಬಲದಿಂದ "ಹೋಗಿ ಬರ್ತೀನಿ" ಎಂದವರೂ ಇದ್ದಾರೆ. ಆ ಮನೆಯಲ್ಲಿ ಹಾಗೆ ಹೇಳಬಾರದೆಂದು ಅವರಿಗೆ ಯಾರು ಹೇಳಿದ್ದರು?

ನೋಡಿ, ಎಷ್ಟು ವಿಚಿತ್ರ! ನೀವೂ ಎಡವುತ್ತೀರಿ, ಊರಿನಿಂದ ಬಂದ ಆ ಹುಡುಗನೂ ಎಡವುತ್ತಾನೆ. ಎಡವುವುದು ಒಂದೇ ಕಲ್ಲಿಗೆ. ಆದರೆ ನಿಮ್ಮ ಕನ್ನಡದ ತಪ್ಪಿಗೆ ನಗು ಮತ್ತು ಮುದ್ದು ಸಿಗುತ್ತದೆ. ಅವನ ಇಂಗ್ಲಿಷಿನ ತಪ್ಪಿಗೆ ಮೂರು ತಿಂಗಳ ಪ್ರೊಬೇಷನ್ ಸಿಗುತ್ತದೆ. ನಿಮ್ಮನ್ನು ಕನ್ನಡ ಇಷ್ಟು ಸುಲಭವಾಗಿ ಕ್ಷಮಿಸುತ್ತಿರುವಾಗ, ಇಂಗ್ಲಿಷ್ ಕ್ಷಮಿಸದವರಿಗೆ ಒಂದು ಗಂಟೆ ಕೊಡುವುದು ನಿಮ್ಮ ಮೇಲಿನ ಋಣವಲ್ಲವೇ?

ಅದನ್ನು ಉಪಕಾರವೆಂದೂ ತಿಳಿಯಬೇಕಾಗಿಲ್ಲ, ಕೊಟ್ಟು ತೆಗೆದುಕೊಳ್ಳುವ ವ್ಯವಹಾರ ಮಾಡಿಕೊಳ್ಳಿ. ಅರ್ಧ ಗಂಟೆ ನೀವು ಅವನಿಗೆ ಇಂಗ್ಲಿಷ್, ಅರ್ಧ ಗಂಟೆ ಅವನು ನಿಮಗೆ ಕನ್ನಡ. ಬೀಗರು ಬಂದಾಗ ಹೇಗೆ ಮಾತಾಡಬೇಕು, ಸಭೆಯಲ್ಲಿ ಸ್ವಾಗತ ಹೇಗೆ ಕೋರಬೇಕು, ದುಃಖದಲ್ಲಿದ್ದವರಿಗೆ ಏನೆನ್ನಬೇಕು, ಎಲ್ಲಿ "ನೀವು", ಎಲ್ಲಿ "ತಾವು", ಎಲ್ಲಿ ಸುಮ್ಮನಿರಬೇಕು — ಇದರಲ್ಲ ಅವನು ಪಂಡಿತ. ಒಬ್ಬ ಗುರು, ಒಬ್ಬ ಶಿಷ್ಯ ಎಂಬ ಭಾವವಿಲ್ಲದಿದ್ದರೆ ಅವನ ಸಂಕೋಚವೂ ಬೇಗ ಬಿಡುತ್ತದೆ.

ಕನ್ನಡದ ಆಡುಮಾತನ್ನು ಕೂತು ಕಲಿಯುವುದರಲ್ಲಿ ನಾಚಿಕೆಯೇನೂ ಇಲ್ಲ. ನಮ್ಮ ಪುಣೆಯ ಯರವಡಾ ಬಳಿಯ ಡೆಕ್ಕನ್ ಕಾಲೇಜು 1958ರಲ್ಲಿ ಕನ್ನಡದ ಆಡುಮಾತಿನ ವ್ಯಾಕರಣವೊಂದನ್ನು ಪ್ರಕಟಿಸಿತು. ಬರೆದವರು ವಿಲಿಯಂ ಬ್ರೈಟ್ ಎಂಬ ಅಮೆರಿಕನ್. ನಮ್ಮ ಎ.ಕೆ. ರಾಮಾನುಜನ್ ಅವರು ಅಮೆರಿಕಕ್ಕೆ ಹೋಗುವ ಮೊದಲು ಭಾಷಾವಿಜ್ಞಾನ ಓದಿದ್ದು ಅದೇ ಕಾಲೇಜಿನಲ್ಲಿ. ಪುಸ್ತಕದ ಕನ್ನಡ ಬೇರೆ, ಬಾಯಿಯ ಕನ್ನಡ ಬೇರೆ, ಬಾಯಿಯ ಕನ್ನಡದಲ್ಲೂ ಒಬ್ಬೊಬ್ಬರದು ಒಂದೊಂದು ಬಗೆ ಎಂಬುದನ್ನು ಹೊರಗಿನವರು ಬಂದು ಅಷ್ಟು ಶ್ರದ್ಧೆಯಿಂದ ಕಲಿತರು. ಮನೆಯೊಳಗಿನವರಾದ ನಿಮಗೆ ಅದು ಕಷ್ಟವೇ?

ಹೇಳಲು ಮರೆತೆ. ವಿಜಯಪುರದ ಆ ಹುಡುಗನಿಗೆ ಈಗ ನೌಕರಿ ಕಾಯಂ ಆಗಿದೆ. ಅವನಿದ್ದ ಮನೆಯ ಮಗಳು, ನಿಮ್ಮದೇ ವಯಸ್ಸಿನವಳು, ಮೂರು ತಿಂಗಳು ಪ್ರತಿ ಭಾನುವಾರ ಅವನೊಡನೆ ಕೂತಳು. ಅವನ ಪ್ರತಿ ಇ-ಮೇಲನ್ನೂ "ಇದನ್ನ ಕನ್ನಡದಾಗ ಹೆಂಗ ಕೇಳ್ತಿದ್ದಿ?" ಎಂದು ಮೊದಲು ಕೇಳಿ, ಆಮೇಲೆ ಇಂಗ್ಲಿಷಿಗೆ ತಿದ್ದಿಸುತ್ತಿದ್ದಳು. ಹೋದ ದೀಪಾವಳಿಗೆ ಅವನು ಬರೆದ ರಜೆಯ ಪತ್ರ ಹೀಗಿತ್ತು: "ಐ ವಾಸ್ ಹೋಪಿಂಗ್ ಟು ಟೇಕ್ ಥ್ರೀ ಡೇಸ್ ಆಫ್ ಫಾರ್ ದೀಪಾವಳಿ, ಇಫ್ ಇಟ್ ಈಸ್ ಕನ್ವೀನಿಯೆಂಟ್." ಅದೇ ದೀಪಾವಳಿಗೆ ಅವಳು ಅವರ ಊರಿಗೆ ಹೋಗಿ, ಅವನ ಅಜ್ಜನಿಗೆ ನಮಸ್ಕಾರ ಮಾಡಿ, "ಆರಾಮ ಇದ್ದೀರೇನ್ರಿ ಅಜ್ಜಾರ?" ಎಂದಳಂತೆ.

ನಿಮ್ಮ ಮನೆಗೂ ಯಾರಾದರೂ ಬರುತ್ತಾರೆ. ಟೆನ್ಸಿನ ಪಟ್ಟಿಯನ್ನು ಪಕ್ಕಕ್ಕಿಟ್ಟು, "ಯಾರಿಗೆ ಹೇಳಬೇಕು?" ಎಂಬ ಪ್ರಶ್ನೆಯಿಂದ ಶುರು ಮಾಡಿ.